ಒದ್ದೆ ಕುರಿಯ ಓಟು

ರೇಲೀನ್ ಟಕ್‌ವೆಲ್ ಯಾರ ಮನೆಯ ಬಾಗಿಲನ್ನೂ ತಟ್ಟುವವಳಲ್ಲ. ಗೇಟಿನ ಹತ್ತಿರ ಕಾರು ನಿಂತ ಕೂಡಲೇ ಅವಳ ಗಂಟಲು ಶುರುವಾಗುತ್ತದೆ. "ಬಂದೆ ಕಣ್ರಪ್ಪೋ! ಬಂದೇ ಬಿಟ್ಟೆ! ಇನ್ನೇನು ಮೆಟ್ಟಿಲ ಹತ್ರ ಇದೀನಿ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡು, ಬೇಕೆಂದೇ ಕಾಲೆಳೆಯುತ್ತಾ ಅಂಗಳ ದಾಟುತ್ತಾಳೆ. ಹೊಸಬರು ಇವಳಿಗೇನು ತಲೆ ಕೆಟ್ಟಿದೆಯಾ ಅಂದುಕೊಳ್ಳುತ್ತಾರೆ. ತಲೆ ನೆಟ್ಟಗೇ ಇದೆ. ಒಳಗಿರುವ ಮುದುಕಿಗೆ ಹಲ್ಲಿನ ಸೆಟ್ಟು ಹಾಕಿಕೊಳ್ಳಲು, ಮುದುಕನಿಗೆ ಪ್ಯಾಂಟು ಏರಿಸಿಕೊಳ್ಳಲು, ಕೊಳೆಯಾದ ಚಾದರವನ್ನು ಮೂಲೆಗೆ ತಳ್ಳಲು ಅಷ್ಟು ಹೊತ್ತು ಬೇಕು. "ಸರ್ಕಾರ ಕಳಿಸಿರೋದು ನನ್ನನ್ನ, ಪೊಲೀಸರನ್ನಲ್ಲ. ಹೇಳದೆ ಕೇಳದೆ ನುಗ್ಗೋಕೆ ನಾನ್ಯಾರು?" ಅನ್ನುತ್ತಾಳೆ.

ವಯಸ್ಸಾದವರನ್ನು ಅವರವರ ಮನೆಯಲ್ಲೇ ಇಟ್ಟು ನೋಡಿಕೊಳ್ಳುವ ಸರ್ಕಾರದ ಏರ್ಪಾಡಿನಲ್ಲಿ ಜನ ಬಹಳ. ಮೀಯಿಸುವವರು, ಗುಡಿಸುವವರು, ಕಾಲಿನ ಉಗುರು ತೆಗೆಯುವವರು, ಕೈಕಾಲು ಆಡಿಸುವುದನ್ನು ಹೇಳಿಕೊಡುವ ಫಿಸಿಯೋ, ಬಚ್ಚಲಿಗೆ ಹಿಡಿಕೆ ಎಲ್ಲಿ ಹಾಕಬೇಕು ಅಂತ ಅಳೆದುಕೊಂಡು ಹೋಗುವವರು. ಮುಕ್ಕಾಲು ಪಾಲು ಮಂದಿ ದೊಡ್ಡ ಊರಿನಿಂದ ಬಂದು ಹೋಗುವವರೇ. ಕುರಿ ಸಾಕುವ ಬಯಲಿನ ಪುಟ್ಟ ಊರಾದ ನಮ್ಮ ವಿರಬಿಲ್ಲದಲ್ಲೇ ಹುಟ್ಟಿ ಇಲ್ಲೇ ನಿಂತವಳು ರೇಲೀನ್ ಒಬ್ಬಳು. ಹೋಟೆಲಿನ ಬಾರಿನಲ್ಲಿ ಬಿಯರ್ ಹಿಡಿದು ಸರ್ಕಾರವನ್ನು ಬೈಯದ ಗಂಡಸು ನಮ್ಮೂರಲ್ಲಿ ಹುಟ್ಟಿಯೇ ಇಲ್ಲ. ಆದರೆ ಅದೇ ಗಂಡಸಿನ ಹೆತ್ತ ತಾಯಿಯ ತಲೆಗೆ ನೀರು ಹಾಕುವವಳು ಅದೇ ಸರ್ಕಾರದ ರೇಲೀನ್. ಅವಳು ಬಾರಿನೊಳಗೆ ಕಾಲಿಟ್ಟರೆ ಬಾಯಿ ಮುಚ್ಚಿಕೊಂಡು ಒಂದು ಲೋಟ ಕೊಡಿಸುತ್ತಾರೆ. ಕೊಡಿಸಲಿ, ಕೊಡಿಸದೆ ಏನು!

ಅವಳು ಬೆಳೆದದ್ದು ಕುರಿಗಳ ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲಿ. ತಾಯಿ ಮೊರೀನ್, ಕತ್ತರಿಯಾಳುಗಳ ತಂಡಕ್ಕೆ ಅಡುಗೆಯವಳು. ತಂಡ ಒಂದು ಶೆಡ್ಡು ಮುಗಿಸಿ ಇನ್ನೊಂದಕ್ಕೆ ಹೊರಟರೆ ಮೊರೀನಳ ಹಳೇ ಟ್ರಕ್ಕಿನ ಹಿಂಭಾಗದಲ್ಲಿ ಹಿಟ್ಟಿನ ಚೀಲ, ದೊಡ್ಡ ಹಂಡೆ, ಅವುಗಳ ನಡುವೆ ರೇಲೀನ್. ಗಂಡಸರ ಬೆವರು, ಕುರಿಯ ಜಿಡ್ಡು, ಮಟನ್ ಚಾಪ್ಸು ಹುರಿಯುವ ಹೊಗೆ, ಇವೇ ಅವಳ ಶಾಲೆ. ಹದಿನೆಂಟಕ್ಕೆ ಕಾಲಿಡುತ್ತಲೇ ತಾನೂ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಕತ್ತರಿಸಿ ಬಿದ್ದ ಉಣ್ಣೆಯನ್ನು ಎತ್ತಿ ಮೇಜಿನ ಮೇಲೆ ಹರಡುವ ಕೆಲಸ. ಅಡುಗೆಮನೆಯಲ್ಲಿ ಹೆಂಗಸಿದ್ದರೆ ಚಿಂತೆಯಿಲ್ಲ, ಶೆಡ್ಡಿನೊಳಗೆ ಬಂದರೆ ಮಾತ್ರ ಅಪಶಕುನ ಅನ್ನುತ್ತಿದ್ದ ಕಾಲ ಅದು. ಬಾಗಿಲಲ್ಲಿ ಲಂಗ ಕಂಡರೆ ಸಾಕು, ಮೊದಲು ಕಂಡವನು "ಕೆರೆಗೆ ಬಾತು ಬಂದ್ವು!" ಅಂತ ಕೂಗುತ್ತಿದ್ದ. ಅಂದರೆ ಬೈಗುಳ ನುಂಗಿಕೊಳ್ಳಿ, ಅಂಗಿ ಸರಿಮಾಡಿಕೊಳ್ಳಿ ಅಂತ.

ರೇಲೀನ್ ಬಾಗಿಲಲ್ಲಿ ನಿಂತ ಮೊದಲ ದಿನ ಹಾಗೆ ಕೂಗಿದವನು ಆಥಲ್ ಪ್ರಿಂಗಲ್. ತಂಡದಲ್ಲೇ ಚುರುಕಿನ ಕತ್ತರಿ ಅವನದು. ರೇಲೀನ್ ಹೆದರಲಿಲ್ಲ. "ಬಾತು ಬಂದಿರೋದು ಮೊಟ್ಟೆ ಇಡೋಕಲ್ಲ ಆಥಲ್, ನೀನು ಚೆಲ್ಲಾಡಿದ ಉಣ್ಣೆ ಬಳಿಯೋಕೆ" ಅಂದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಆಥಲ್ ಮಾತ್ರ ನಗದೆ, ಕತ್ತರಿಸಿದ ಉಣ್ಣೆಯನ್ನು ಕಾಲಿನಿಂದ ಅವಳತ್ತ ತಳ್ಳಿದ. ಅಲ್ಲಿಗೆ ಅವಳಿಗೆ ಕೆಲಸ ಖಾಯಂ ಆಯಿತು ಅಂತಲೇ ಲೆಕ್ಕ.

ಈಗ ಶೆಡ್ಡಿನ ಕಥೆ ಯಾಕೆ ಅಂದರೆ, ಆ ಆಥಲ್‌ಗೆ ಈಗ ಎಂಬತ್ತು ದಾಟಿದೆ. ನದಿ ದಂಡೆಯ ಬೀದಿಯ ತಗಡಿನ ಮನೆಯಲ್ಲಿ ತನ್ನ ಗೆಳೆಯ ಟೈನಿಯ ಜೊತೆ ಇದ್ದಾನೆ. ಟೈನಿ ಅಂದರೆ ಪುಟಾಣಿ. ಬಾಗಿಲಲ್ಲಿ ನಿಂತರೆ ಬೆಳಕು ನಿಲ್ಲುವಂಥ ಆಳಿಗೆ ಪುಟಾಣಿ ಅಂತ ಹೆಸರಿಡುವುದು ನಮ್ಮವರ ತಮಾಷೆ. ಶೆಡ್ಡಿನಲ್ಲಿ ಅವನ ಕೆಲಸ ಉಣ್ಣೆಯನ್ನು ಒತ್ತಿ ತುಂಬಿ ಮೂಟೆ ಕಟ್ಟುವುದು. ಇಬ್ಬರೂ ಮದುವೆ ಆದವರಲ್ಲ. ಇರಲಿ ಅಂತ ಒಂದು ಚಳಿಗಾಲಕ್ಕೆ ಜೊತೆಗೆ ಬಾಡಿಗೆ ಹಿಡಿದ ಮನೆ, ಆ ಚಳಿಗಾಲ ಇನ್ನೂ ಮುಗಿದಿಲ್ಲ. ಆಥಲ್ ಬೈಯುತ್ತಾನೆ, ಟೈನಿ ಆಲೂಗೆಡ್ಡೆ ಸುಲಿಯುತ್ತಾನೆ, ಸಂಸಾರ ನಡೆದಿದೆ.

ಜೀವಮಾನವೆಲ್ಲ ಬಗ್ಗಿ ಕುರಿ ಹಿಡಿದ ಬೆನ್ನು ಆಥಲ್‌ನದು. ಸೊಂಟ ಹೋಗಿದೆ, ಮಂಡಿ ಹೋಗಿದೆ. ಹೋಗಿಲ್ಲದ್ದು ಜಂಬ ಒಂದೇ. ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನುವ ಪೈಕಿ. ಡಾಕ್ಟರು ಒತ್ತಾಯ ಮಾಡಿ, ಮನೆಗೆ ಎಷ್ಟು ಸಹಾಯ ಬೇಕು ಅಂತ ನೋಡಿ ತೀರ್ಮಾನಿಸುವ ಜಸಿಂತ ಅನ್ನುವ ಹೆಣ್ಣುಮಗಳನ್ನು ಕಳಿಸಿದ್ದರು. ಬಲು ತಾಳ್ಮೆಯವಳು, ಒಳ್ಳೆಯವಳು. ಕೇಳಬೇಕಾದ್ದನ್ನೆಲ್ಲ ಕೇಳಿದಳು. ಆದರೆ ನಮ್ಮ ಕಡೆ ಗಂಡಸಿನ ಕಾಲು ಮುರಿದು ಮೂಳೆ ಆಚೆ ಬಂದಿದ್ದರೂ, ಹೇಗಿದೀಯಪ್ಪಾ ಅಂದರೆ "ಪರವಾಗಿಲ್ಲ, ದೂರೋಕೇನಿಲ್ಲ" ಅನ್ನುತ್ತಾನಲ್ಲ! ಅಂಥವನ ಬಾಯಿಂದ ನಿಜ ಹೊರಡಿಸುವುದು ದೇವರಿಗೂ ಕಷ್ಟ.

"ಸ್ನಾನ ನೀವೇ ಮಾಡ್ಕೋತೀರಾ?" ಅಂತ ಕೇಳಿದಳಂತೆ ಜಸಿಂತ.

"ಮತ್ತೆ? ರಾಜ ಬಂದು ಬೆನ್ನುಜ್ಜುತಾನಾ?" ಅಂದನಂತೆ ಆಥಲ್.

"ಕೂತಲ್ಲಿಂದ ಏಳೋಕೆ ಕಷ್ಟ ಆಗುತ್ತಾ?"

"ಏನೂ ತೊಂದ್ರೆ ಇಲ್ಲ ಕಣಮ್ಮ."

ಅವಳು ಬರುವ ಮೊದಲೇ ಒಲೆಯ ಪಕ್ಕದ ಕಟ್ಟೆಗೆ ಆತುಕೊಂಡು ನಿಂತವನು, ಅವಳು ಹೋಗುವ ತನಕ ನಿಂತೇ ಇದ್ದ. ಯಾಕೆ? ಕೂತರೆ ಏಳಲಾರ. ಅವಳಿಗೇನು ಗೊತ್ತು ಪಾಪ! "ಈ ವಯಸ್ಸಲ್ಲೂ ನೀವು ಕೂರೋದೇ ಇಲ್ವಲ್ಲ!" ಅಂತ ಮೆಚ್ಚಿಕೊಂಡೇ ಹೋದಳು. ಅವಳ ಕಾರು ತಿರುಗುವುದಕ್ಕೂ ಇವನ ಕಾಲು ಕುಸಿಯುವುದಕ್ಕೂ ಸರಿಹೋಯಿತು, ಟೈನಿ ಹಿಂದಿನಿಂದ ಅವುಚಿ ಹಿಡಿದ. ಹೀಗಾಗಿ ಆ ಮನೆಗೆ ಸಿಕ್ಕಿದ್ದು ಅತಿ ಕಡಿಮೆಯ ಸಹಾಯ: ಹದಿನೈದು ದಿನಕ್ಕೊಮ್ಮೆ ರೇಲೀನ್ ಬಂದು ಮನೆ ಗುಡಿಸಿ ಒರೆಸಿ ಹೋಗುವುದು.

ಅದರಲ್ಲೂ ಇವರ ಠೀವಿ ನೋಡಿ. ಗುಡಿಸುವವಳು ಬರುತ್ತಾಳೆ ಅಂತ ಟೈನಿ ಬೆಳಿಗ್ಗೆಯೇ ಎದ್ದು ಮನೆಯೆಲ್ಲ ಗುಡಿಸಿ ಒರೆಸಿಟ್ಟಿರುತ್ತಿದ್ದ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಗೇಟಿನಲ್ಲಿ ರೇಲೀನಳ ಕೂಗು ಕೇಳಿದರೆ ಒಳಗಿನಿಂದ ಆಥಲ್, "ಕೆರೆಗೆ ಬಾತು ಬಂದ್ವು ಕಣೋ!" ಅಂತ ಅರಚುತ್ತಿದ್ದ. ಅವಳು ಒಳಗೆ ಬರುವಾಗ ನೆಲ ಹೊಳೆಯುತ್ತಿತ್ತು, ಆಥಲ್ ಕಟ್ಟೆಗೆ ಆತು ನಿಂತಿರುತ್ತಿದ್ದ, ಟೈನಿ ಆಲೂಗೆಡ್ಡೆ ಮುಂದೆ ಕೂತಿರುತ್ತಿದ್ದ.

"ನಾನೇನು ಮಾಡ್ಲಿ ಇಲ್ಲಿ, ನೆಲದಲ್ಲಿ ಮುಖ ನೋಡ್ಕೊಂಡು ಪೌಡರ್ ಹಾಕ್ಕೊಳ್ಳಲಾ?" ಅಂತ ರೇಲೀನ್ ಸೊಂಟದ ಮೇಲೆ ಕೈಯಿಡುತ್ತಿದ್ದಳು.

"ಟೀ ಕುಡಿ. ನಿಮ್ಮಮ್ಮನ ಕೈ ಟೀಯಷ್ಟು ಹೊಲಸಾಗಿಲ್ಲ" ಅನ್ನುತ್ತಿದ್ದ ಆಥಲ್.

ಅವಳಿಗೆ ಎಲ್ಲೋ ಒಂದು ಕಡೆ ಕಸಿವಿಸಿ. ಆಥಲ್ ಕಟ್ಟೆ ಬಿಟ್ಟು ಕದಲಿದ್ದನ್ನು ತಾನು ಕಂಡೇ ಇಲ್ಲವಲ್ಲ? ಆದರೆ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೂ ಸಿಗುತ್ತಿದ್ದದ್ದು ಅದೇ "ಪರವಾಗಿಲ್ಲ."

ಆ ವರ್ಷದ ಚಳಿಯಲ್ಲಿ ಊರಿನ ಫುಟ್‌ಬಾಲ್ ತಂಡ ಫೈನಲ್‌ಗೆ ಬಂತು. ಶನಿವಾರ ಬೇಲಿಗೆ ಆತು ನಿಂತು ರೇಲೀನ್ ಕೂಗಿದ್ದೇ ಕೂಗಿದ್ದು, ರೆಫರಿಯ ವಂಶವನ್ನೆಲ್ಲ ಜಾಲಾಡಿದಳು. ತಂಡ ಸೋತಿತು, ಅವಳ ಗಂಟಲೂ ಹೋಯಿತು. ಸೋಮವಾರ ನದಿ ದಂಡೆಯ ಬೀದಿಗೆ ಬಂದಾಗ ಬಾಯಿ ತೆಗೆದರೆ ಬರೀ ಗಾಳಿ. ಇನ್ನೇನು ಮಾಡುವುದು, ಸುಮ್ಮನೆ ಅಂಗಳ ದಾಟಿ ಒಳಗೆ ಬಂದಳು.

ಬಚ್ಚಲಿನ ಬಾಗಿಲು ತೆರೆದಿತ್ತು. ಸ್ನಾನದ ತೊಟ್ಟಿಯೊಳಗೆ ಆಥಲ್ ಬರಿಮೈಯಲ್ಲಿ ಕೂತಿದ್ದ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಟೈನಿ ಮಂಡಿಯೂರಿ, ಎರಡೂ ತೋಳುಗಳನ್ನು ಅವನ ಕಂಕುಳ ಕೆಳಗೆ ಹಾಕಿ ಎತ್ತುತ್ತಿದ್ದ. ಎತ್ತಿದ, ಆಗಲಿಲ್ಲ. ಉಸಿರು ಬಿಟ್ಟು ಮತ್ತೆ ಎತ್ತಿದ. ಆ ದೊಡ್ಡ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಒಂದು ನಿಮಿಷ ತಡ್ಕೋ ಮಗಾ" ಅಂತ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದ.

ರೇಲೀನ್ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿದಳು. ಅಂಗಳಕ್ಕೆ ಬಂದು ಗೇಟನ್ನು ತೆಗೆದು ದಡಾರನೆ ಹಾಕಿದಳು. ಬಕೆಟ್ಟನ್ನು ಕಂಬಕ್ಕೆ ಹೊಡೆದು ಸದ್ದು ಮಾಡಿದಳು. ಆಮೇಲೆ ಕಾರಿಗೆ ಒರಗಿ ಕಾದಳು. ಒಳಗೆ ಹೋದಾಗ ಎಲ್ಲ ಎಂದಿನಂತೆ: ನೆಲ ಹೊಳೆಯುತ್ತಿದೆ, ಆಥಲ್ ಕಟ್ಟೆಗೆ ಆತಿದ್ದಾನೆ, ಟೈನಿಯ ಮುಂದೆ ಆಲೂಗೆಡ್ಡೆ. ಟೈನಿಯ ಚಾಕು ಮಾತ್ರ ಒಂದೂ ಗೆಡ್ಡೆ ಸುಲಿಯದೆ ಪಕ್ಕದಲ್ಲಿ ಬಿದ್ದಿತ್ತು. ಆಗ ಅವಳಿಗೆ ಹೊಳೆಯಿತು. ಇಷ್ಟು ದಿನ ಮರ್ಯಾದೆ ಅಂತ ತಾನು ಗೇಟಿನಿಂದ ಕೂಗಿದ್ದೆಲ್ಲ ಇವರಿಗೆ ಸುಳ್ಳನ್ನು ಜೋಡಿಸಿಡಲು ಕೊಟ್ಟ ಸಮಯವಾಗಿತ್ತು.

ಟೈನಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಬಟ್ಟೆ ಒಣಹಾಕುವ ನೆಪ. ದನಿ ಇಲ್ಲದ ಗಂಟಲಿನಲ್ಲಿ ಪಿಸುಗುಟ್ಟುತ್ತಲೇ ಬೈದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಯಾವ್ದು?" ಅಂದ ಟೈನಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ನೋಡಿದೆ ಕಣೋ. ಕಣ್ಣಾರೆ ನೋಡಿದೆ."

ಟೈನಿ ಒದ್ದೆ ಅಂಗಿಯೊಂದನ್ನು ಕೊಡವಿ ಹಗ್ಗದ ಮೇಲೆ ಹಾಕಿದ. "ಎರಡಾಳು ತೂಕದ ಮೂಟೆ ಉರುಳಿಸಿದವನು ನಾನು. ಅವನೆಷ್ಟು ತೂಕ ಇದಾನೆ, ಒಣಕಲು."

"ಡಾಕ್ಟರ್ ಏನಂದ್ರು?"

"ಹರ್ನಿಯಾ ಇದೆ, ಹೃದಯಾನೂ ಸರಿಯಿಲ್ಲ, ಭಾರ ಎತ್ತಬೇಡ ಅಂದ್ರು."

"ಮತ್ತೆ?"

"ಆಥಲ್‌ನ ಎತ್ತಬೇಡ ಅಂತ ಹೇಳ್ಲಿಲ್ವಲ್ಲ."

ರೇಲೀನಳಿಗೆ ನಗುವೂ ಬಂತು, ಅಳುವೂ ಬಂತು. "ಅಯ್ಯೋ ಪೆದ್ದೇ! ನೀನು ಬಚ್ಚಲಲ್ಲಿ ಬಿದ್ದು ಹೋದ್ರೆ ಅವನನ್ನ ಎತ್ತೋರು ಯಾರೋ? ಇಬ್ರನ್ನೂ ವೃದ್ಧಾಶ್ರಮಕ್ಕೆ ಹಾಕ್ತಾರೆ. ಅದೂ ಒಂದೇ ಕಡೆ ಅಂದ್ಕೋಬೇಡ. ಎಲ್ಲಿ ಹಾಸಿಗೆ ಖಾಲಿ ಇದೆಯೋ ಅಲ್ಲಿ. ಅವನು ಒಂದೂರಲ್ಲಿ, ನೀನು ಇನ್ನೊಂದೂರಲ್ಲಿ."

ಟೈನಿ ಕ್ಲಿಪ್ಪುಗಳನ್ನು ಒಂದೊಂದಾಗಿ ಸಿಕ್ಕಿಸಿದ. "ಅವನಿಗೆ ಹೇಳ್ಬೇಡ" ಅಂದ ಕೊನೆಗೆ. "ನಂಗೆ ನೋವಾಗುತ್ತೆ ಅಂತ ಅವನಿಗೆ ಗೊತ್ತಿಲ್ಲ. ಗೊತ್ತಾದ್ರೆ ಸ್ನಾನಾನೇ ಬಿಟ್ಬಿಡ್ತಾನೆ, ಆಮೇಲೆ ವಾಸನೆ ತಡ್ಕೊಳ್ಳೋನು ನಾನೇ."

ಅದೇ ಮಧ್ಯಾಹ್ನ ರೇಲೀನ್ ಜಸಿಂತಳಿಗೆ ಫೋನ್ ಮಾಡಿದಳು. ಮತ್ತೊಮ್ಮೆ ಬಂದು ನೋಡು ಅಂದಳು. ಜಸಿಂತ ಕೂಡಲೇ ಒಪ್ಪಿ, ಗುರುವಾರ ಬರುತ್ತೇನೆ ಅಂದಳು. "ಆದ್ರೆ ರೇಲೀನ್, ಅವ್ರ ಬಾಯಿಂದಲೇ ಬರಬೇಕು. ಬೇಡ ಅನ್ನೋ ಮನುಷ್ಯನಿಗೆ ಬಲವಂತವಾಗಿ ಸ್ನಾನ ಮಾಡ್ಸೋಕೆ ನಂಗೂ ಆಗಲ್ಲ, ನಿಂಗೂ ಆಗಲ್ಲ" ಅಂದಳು. ಅದು ನ್ಯಾಯವಾದ ಮಾತೇ. ಮನೆ ಅವನದು, ಮೈ ಅವನದು.

ಬುಧವಾರ ರೇಲೀನಳ ಗಂಟಲು ಮರಳಿತ್ತು. ಅಮ್ಮ ಮಾಡುತ್ತಿದ್ದ ಹಾಗೆ ಸ್ಕೋನ್ ಅನ್ನುವ ಪುಟ್ಟ ಬನ್ನುಗಳನ್ನು ಸುಟ್ಟುಕೊಂಡು, ಕೆಲಸವಿಲ್ಲದಿದ್ದರೂ ಆ ಮನೆಗೆ ಹೋದಳು. ಟೈನಿಯನ್ನು ಹಾಲು ತರಲು ಅಂಗಡಿಗೆ ಅಟ್ಟಿದಳು. ಮೋಡ ಕಟ್ಟಿ ಮಳೆ ಶುರುವಾಗಿತ್ತು, ತಗಡಿನ ಮೇಲೆ ಹನಿಗಳ ಸದ್ದು. ನಮ್ಮ ಬಯಲಿಗೆ ಮಳೆ ಬರುವುದೇ ಅಪರೂಪ. ಆಥಲ್ ಕಟ್ಟೆಗೆ ಆತು ಕಿವಿಯಾನಿಸಿ ನಿಂತಿದ್ದ.

"ಕೂತ್ಕೋ ಆಥಲ್" ಅಂದಳು.

"ನಿಂತಿದ್ರೆ ನಿಂಗೇನು ಕಷ್ಟ?"

"ಕೂತ್ರೆ ಏಳೋಕಾಗಲ್ಲ, ಅದಕ್ಕೇ ನಿಂತಿದೀಯಾ. ಟೈನಿ ನಿನ್ನ ತೊಟ್ಟಿಯಿಂದ ಎತ್ತೋದನ್ನ ಕಣ್ಣಾರೆ ಕಂಡೆ. ನಾಳೆ ಜಸಿಂತ ಬರ್ತಾಳೆ. ಇದ್ದದ್ದನ್ನ ಇದ್ದ ಹಾಗೆ ಅವಳಿಗೆ ಹೇಳು."

ಆಥಲ್‌ನ ಮುಖ ಕೆಂಪಾಯಿತು. "ಹೆಂಗಸು ಶೆಡ್ಡಿಗೆ ಕಾಲಿಟ್ರೆ ಇದೇ ಗತಿ ಅಂತ ಅವತ್ತೇ ಹೇಳಿದ್ದೆ! ಕದ್ದು ನೋಡೋಕೆ ನಾಚಿಕೆ ಆಗಲ್ವಾ? ನಿಂಗೆ ನೆಲ ಒರೆಸೋಕೆ ಸಂಬಳ, ನನ್ನ ಮೈ ನೋಡೋಕಲ್ಲ!"

"ನಿನ್ನ ಮೈಯಲ್ಲಿ ನೋಡೋಕೇನಿದೆ, ಕೊಕ್ಕೆಗೆ ನೇತುಹಾಕಿದ ಕೋಟು! ನಾನು ನೋಡಿದ್ದು ಟೈನಿ ಮುಖ. ನೀನು ಕಣ್ಣು ಮುಚ್ಕೊಂಡಿದ್ದೆ, ಅದಕ್ಕೆ ಕಂಡಿಲ್ಲ. ಅವನಿಗೆ ಹರ್ನಿಯಾ ಅಂತೆ. ಹೃದಯ ಸರಿಯಿಲ್ವಂತೆ. ನಿಂಗೆ ಹೇಳ್ಬೇಡ ಅಂದಿದ್ದ, ಹೇಳ್ತಿದೀನಿ. ಬೈಕೊಳ್ಳಲಿ ನನ್ನನ್ನ."

ಆಥಲ್ ಸ್ಕೋನ್ ತಟ್ಟೆಯನ್ನು ನೋಡಿದ. ಕಿಟಕಿಯಾಚೆ ಮಳೆ ನೋಡಿದ. ಮಾತು ತಪ್ಪಿಸಬೇಕಾದರೆ ನಮ್ಮ ಗಂಡಸರಿಗೆ ಮಳೆ, ಕುರಿ ಎರಡೇ ದಾರಿ. "ನಾಳೆ ಕುರಿ ಎಲ್ಲ ಒದ್ದೆ" ಅಂದ.

ಆ ಒಂದು ಮಾತು ರೇಲೀನಳನ್ನು ಮೊರೀನಳ ಅಡುಗೆಮನೆಗೆ ಎಳೆದುಕೊಂಡು ಹೋಯಿತು. ಮಳೆ ಬಂದ ಬೆಳಿಗ್ಗೆ ಶೆಡ್ಡಿನಲ್ಲಿ ಒಂದು ಕಟ್ಟಳೆ. ಕತ್ತರಿಯಾಳುಗಳು ಒಬ್ಬೊಬ್ಬರೂ ಎರಡೆರಡು ಕುರಿ ಕತ್ತರಿಸಿ ನೋಡಬೇಕು, ಆಮೇಲೆ ಗುಟ್ಟಾಗಿ ಓಟು ಹಾಕಬೇಕು: ಒದ್ದೆಯೋ, ಒಣಗಿದೆಯೋ. ಒದ್ದೆ ಕುರಿ ಮುಟ್ಟಿದರೆ ಕೀಲುಗಳಿಗೆ ನೋವು ಸೇರಿಕೊಳ್ಳುತ್ತದೆ, ಮೈಗೆ ಜ್ವರ ಬರುತ್ತದೆ ಅನ್ನುವುದು ಅವರ ನಂಬಿಕೆ. ಒದ್ದೆ ಅನ್ನುವ ಓಟು ಹೆಚ್ಚಾದರೆ ಇಡೀ ಶೆಡ್ಡಿಗೆ ರಜಾ. ಯಜಮಾನ ತಲೆಕೆಳಗಾಗಿ ನಿಂತರೂ ಕತ್ತರಿ ಎತ್ತುವುದಿಲ್ಲ. ಅಂಥ ದಿನ ಅಮ್ಮ ಸ್ಕೋನ್ ಸುಡುತ್ತಿದ್ದಳು, ಗಂಡಸರು ಮಂಚದ ಮೇಲೆ ಕಾಲು ಚಾಚಿ ಇಸ್ಪೀಟು ಆಡುತ್ತಿದ್ದರು. ಪುಟ್ಟ ರೇಲೀನಳಿಗೆ ಅದೇ ಕ್ರಿಸ್‌ಮಸ್. ಒಮ್ಮೆ ಆಥಲ್‌ನ ಮೊಣಕಾಲಿಗೆ ಜೋತುಬಿದ್ದು ಕೇಳಿದ್ದಳು, "ನೀನು ಏನಂತ ಹಾಕ್ದೆ? ಒಣಗಿದೆ ಅಂದ್ರೆ ಧೈರ್ಯವಂತರು, ಅಲ್ವಾ?" ಅಂತ.

"ಆಥಲ್, ಅವತ್ತು ನೀನು ನಂಗೊಂದು ಮಾತು ಹೇಳಿದ್ದೆ, ನೆನಪಿದೆಯಾ?" ಅಂದಳು ಈಗ. "ಕೆಚ್ಚು ತೋರಿಸೋಕೆ ಅಂತ ಒದ್ದೆ ಕುರಿಗೆ ಒಣಗಿದೆ ಅಂತ ಓಟು ಹಾಕೋನು ಧೈರ್ಯವಂತ ಅಲ್ಲ, ಕಳ್ಳ. ಯಾಕಂದ್ರೆ ಆ ಸುಳ್ಳಿನ ನೋವು ಪಕ್ಕದಲ್ಲಿ ನಿಂತವನ ಬೆನ್ನಿಗೆ ಹೋಗುತ್ತೆ. ಹಂಗಂದಿದ್ದೆ."

"ಚಿಕ್ಕ ಮಕ್ಕಳಿಗೆ ಏನೇನೋ ಹೇಳಿರ್ತೀವಿ."

"ಸರಿ, ಈಗ ಓಟು ಹಾಕೋಣ. ಈ ಮನೆ ಒದ್ದೆಯೋ, ಒಣಗಿದೆಯೋ."

"ನಿಂಗೆಲ್ಲಿ ಓಟು? ಉಣ್ಣೆ ಎತ್ತೋಳಿಗೆ ಓಟಿಲ್ಲ."

"ಟೈನಿಗೆ?"

"ಮೂಟೆ ಕಟ್ಟೋನಿಗೂ ಇಲ್ಲ. ಓಟು ಕತ್ತರಿ ಹಿಡಿದವನಿಗೆ ಮಾತ್ರ. ಅಷ್ಟೂ ಮರ್ತೋಯ್ತಾ?"

"ಮರ್ತಿಲ್ಲ" ಅಂದಳು ರೇಲೀನ್. "ಅದಕ್ಕೇ ಅವನು ಬಾಯಿ ಮುಚ್ಕೊಂಡು ಎತ್ತುತಿದಾನೆ. ಈ ಮನೇಲಿ ಕತ್ತರಿ ಹಿಡಿದವನು ನೀನೊಬ್ನೇ. ಓಟು ನಿಂದೊಂದೇ."

ಮಳೆಯ ಸದ್ದು ಜೋರಾಯಿತು. ಆಥಲ್ ಗಲ್ಲದಿಂದ ಬಾಗಿಲು ತೋರಿಸಿದ. "ಹೋಗು ಆಚೆ" ಅಂದ. ಬೈಯುವ ದನಿ ಕೂಡ ಅದರಲ್ಲಿರಲಿಲ್ಲ. ರೇಲೀನ್ ಹೊರಟಳು. ಕಾರಿನೊಳಗೆ ಕೂತು ತುಂಬ ಹೊತ್ತು ಎಂಜಿನ್ ಹಾಕದೆ ಅತ್ತಳು. ನಾನು ಕೆಡಿಸಿಬಿಟ್ಟೆ, ನಾಳೆ ಅವನು ಬಾಗಿಲನ್ನೇ ತೆಗೆಯುವುದಿಲ್ಲ ಅಂದುಕೊಂಡಳು.

ಗುರುವಾರ ಜಸಿಂತಳ ಕಾರು ಕಿಟಕಿಯವರೆಗೆ ಕೆಸರು ಮೆತ್ತಿಕೊಂಡು ಬಂತು. ರೇಲೀನ್ ಗೇಟಿನಲ್ಲಿ ಕಾದಿದ್ದಳು. ಅಭ್ಯಾಸಬಲದಿಂದ ಕೂಗಲು ಬಾಯಿ ತೆಗೆದವಳು, ತುಟಿ ಕಚ್ಚಿ ಸುಮ್ಮನಾದಳು. ಇಬ್ಬರೂ ಸದ್ದಿಲ್ಲದೆ ಮೆಟ್ಟಿಲು ಹತ್ತಿ, ಮೆಲ್ಲಗೆ ಒಮ್ಮೆ ತಟ್ಟಿದರು. ರೇಲೀನ್ ಬಾಗಿಲು ತಟ್ಟಿದ್ದು ಅದೇ ಮೊದಲು.

ಟೈನಿ ಬಾಗಿಲು ತೆಗೆದ. ಆಥಲ್ ಕೂತಿದ್ದ.

ಅಡುಗೆಮನೆಯ ಮೇಜಿನ ಮುಂದೆ, ಕುರ್ಚಿಯಲ್ಲಿ, ಒಳ್ಳೆಯ ಅಂಗಿ ಹಾಕಿ, ತಲೆ ಬಾಚಿ, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದ. ಕೂತ ಆಥಲ್‌ನನ್ನು ರೇಲೀನ್ ಆ ಮನೆಯಲ್ಲಿ ಅದುವರೆಗೆ ಕಂಡಿರಲಿಲ್ಲ. ಅಷ್ಟು ಸಣ್ಣ ಮನುಷ್ಯ ಅವನು ಅಂತ ಆಗ ಗೊತ್ತಾಯಿತು. ಟೈನಿ ಅವನ ಹಿಂದೆ ಹೋಗಿ ಗೋಡೆಯ ಹಾಗೆ ನಿಂತ.

ಜಸಿಂತ ನಗುತ್ತಾ ಎದುರಿಗೆ ಕೂತಳು. "ಹೇಗಿದೀರಿ ಆಥಲ್?"

"ಪರವಾ..." ಅಂದವನು ನಿಲ್ಲಿಸಿದ. ಕೆಮ್ಮಿದ.

"ಸರಿ, ಇವತ್ತು ನಿಧಾನವಾಗಿ ಮಾತಾಡೋಣ. ಈ ಕುರ್ಚಿಯಿಂದ ಯಾರ ಸಹಾಯಾನೂ ಇಲ್ದೆ ಎದ್ದು ನಿಲ್ಲೋಕೆ ಆಗುತ್ತಾ ನಿಮ್ಗೆ?"

ಟೈನಿಯ ದೊಡ್ಡ ಕೈ ತಾನಾಗಿ ಮುಂದೆ ಬಂದು ಆಥಲ್‌ನ ಕಂಕುಳ ಹತ್ತಿರ ನಿಂತಿತು. ಆಥಲ್ ತಿರುಗಿ ಆ ಕೈಯನ್ನು ನೋಡಿದ, ಕೈಯಿಂದ ಮುಖದವರೆಗೆ ನೋಡಿದ. ಮೊದಲ ಸಲ ನೋಡುತ್ತಿದ್ದಾನೋ ಏನೋ ಅನ್ನುವ ಹಾಗೆ ನೋಡಿದ.

"ಒದ್ದೆ" ಅಂದ ಆಥಲ್.

ಜಸಿಂತಳಿಗೆ ಅರ್ಥವಾಗಲಿಲ್ಲ. "ಏನಂದ್ರಿ?"

"ಒದ್ದೆ ಕಣಮ್ಮ. ಎದ್ದು ನಿಲ್ಲೋಕೆ ಆಗಲ್ಲ. ಸ್ನಾನ ಆಗಲ್ಲ. ಸಾಕ್ಸ್ ಹಾಕೋಕೂ ಆಗಲ್ಲ. ಇವನೇ ಎತ್ತಿಡ್ತಾನೆ, ಇವನೇ ಇಳಿಸ್ತಾನೆ, ದಿನಾ." ದನಿ ಒಡೆಯಿತು. ಅವನು ಒಡೆಯಲಿ ಅಂತ ಬಿಟ್ಟ. "ಇನ್ನು ಇವನ ಕೈಲಿ ಆಗಲ್ಲ. ನಂಗೆ ಗೊತ್ತಿತ್ತು ಅನ್ಸುತ್ತೆ. ಅದಕ್ಕೇ ಕಣ್ಣು ಮುಚ್ಕೋತಿದ್ದೆ."

ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಟೈನಿ, ಹೊರಗಿನವರ ಎದುರು ಬೆನ್ನು ನೇರ ಮಾಡಿಕೊಂಡೇ ನಿಲ್ಲುತ್ತಿದ್ದವನು, ಎರಡೂ ಕೈಯಲ್ಲಿ ಸೊಂಟ ಹಿಡಿದು ಮೆಲ್ಲಗೆ, ತುಂಬ ಮೆಲ್ಲಗೆ ಕೂತುಕೊಂಡ. ಕೂತವನು ಮೇಜಿನ ಮೇಲೆ ತಲೆಯಿಟ್ಟ. ರೇಲೀನ್ ಒಲೆಯ ಹತ್ತಿರ ಹೋಗಿ ಟೀಗೆ ನೀರಿಟ್ಟಳು, ಇನ್ನೇನು ಮಾಡಬೇಕೋ ಅವಳಿಗೂ ತೋಚಲಿಲ್ಲ.

ಅಲ್ಲಿಂದ ಮುಂದಿನದು ಬರೀ ಕೆಲಸ. ಜಸಿಂತ ಆ ಮನೆಗಾಗಿ ಹಟ ಹಿಡಿದು ಓಡಾಡಿದಳು, ಅವಳ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ರೇಲೀನ್ ಮೈಮೇಲೆ ಹೋಗುತ್ತಾಳೆ. ತೊಟ್ಟಿ ಹೋಗಿ, ಕೂತು ಮೀಯುವ ಕುರ್ಚಿ ಬಂತು. ಗೋಡೆಗಳಿಗೆ ಹಿಡಿಕೆ ಬಂದವು. ಫಿಸಿಯೋ ಮಿನ್ ಬಂದು ಆಥಲ್‌ನ ಮಂಡಿ ಒತ್ತಿ ನೋಡಿದ. "ಕುರಿ ಹಿಡಿದು ಕೂತೇಳುತ್ತಿದ್ರಲ್ಲ, ಹಾಗೇ ಕಾಲು ಅಗಲಿಸಿ ಮುಂದಕ್ಕೆ ಬಗ್ಗಿ" ಅಂತ ಹೇಳಿಕೊಟ್ಟ. ಆಥಲ್ ಅವನಿಗೆ ಕುರಿ ಹಿಡಿಯುವ ಬಗೆಯೆಲ್ಲ ಪಾಠ ಹೇಳಿ ಸುಸ್ತು ಮಾಡಿದ. ಟೈನಿಯ ಹರ್ನಿಯಾಕ್ಕೆ ಆಪರೇಷನ್ ದಿನ ಗೊತ್ತಾಯಿತು. ಬೆಳಗಿನ ಸ್ನಾನಕ್ಕೆ ರೇಲೀನ್ ದಿನಾ ಬರುವುದೆಂದು ತೀರ್ಮಾನವಾಯಿತು.

ಮೊದಲ ಬೆಳಿಗ್ಗೆ ಅವಳು ಗೇಟಿನಲ್ಲಿ ನಿಂತು ಒಂದು ಕ್ಷಣ ಯೋಚಿಸಿದಳು. ಆಮೇಲೆ ಗಂಟಲು ಬಿಟ್ಟಳು. "ಬಂದೆ ಕಣ್ರಪ್ಪೋ!" ಕೂಗುವುದರಲ್ಲಿ ತಪ್ಪಿಲ್ಲ, ಬಚ್ಚಿಡುವುದಕ್ಕೇನೂ ಉಳಿದಿಲ್ಲದಿದ್ದರೆ. ಒಳಗಿನಿಂದ ತಕ್ಷಣ ಉತ್ತರ ಬಂತು.

"ಕೆರೆಗೆ ಬಾತು ಬಂದ್ವು!"

"ಬಾತು ಸೋಪು ತಂದಿದೆ, ಅಂಗಿ ಬಿಚ್ಚು!" ಅಂತ ರೇಲೀನ್ ಒಳಗೆ ನುಗ್ಗಿದಳು.

ಆಥಲ್ ಕುರ್ಚಿಯಲ್ಲೇ ಇದ್ದ. ಮೂಲೆಯಲ್ಲಿ ಆಲೂಗೆಡ್ಡೆಯ ಬುಟ್ಟಿ ಬಿಟ್ಟು ಟೈನಿ ಎದ್ದುನಿಂತ. ಇಷ್ಟು ವರ್ಷಗಳ ಅಭ್ಯಾಸ, ಅಂಗಿಯ ತೋಳು ಮಡಚಿಕೊಂಡು ಹೆಜ್ಜೆ ಮುಂದಿಟ್ಟೇಬಿಟ್ಟ.

"ಕೂತ್ಕೊಳೋ" ಅಂದ ಆಥಲ್.

"ಒಂದು ಕೈ ಹಿಡೀತೀನಿ..."

"ಕೂತ್ಕೋ ಅಂದೆ. ಇವತ್ತು ಒದ್ದೆ. ಶೆಡ್ಡಿಗೆ ರಜಾ."

ಟೈನಿ ಒಮ್ಮೆ ರೇಲೀನಳ ಮುಖ ನೋಡಿದ, ಒಮ್ಮೆ ತನ್ನ ಖಾಲಿ ಕೈಗಳನ್ನು ನೋಡಿಕೊಂಡ. ಆಮೇಲೆ ಕಪಾಟಿನಿಂದ ಹಳೇ ಇಸ್ಪೀಟಿನ ಕಟ್ಟು ತೆಗೆದು ಮೇಜಿನ ಮುಂದೆ ಕೂತ. ಬಚ್ಚಲಿನಲ್ಲಿ ನೀರು ಬಿದ್ದ ಸದ್ದು, ಬಿಸಿ ಜಾಸ್ತಿಯಾಯಿತು ಅಂತ ಆಥಲ್ ಬೈದ ಸದ್ದು, ಅವಳು ನಕ್ಕ ಸದ್ದು. ಟೈನಿ ಕಟ್ಟನ್ನು ಕಲಸಿ, ಮೂರು ಜನಕ್ಕೆ ಎಲೆ ಹಂಚಿಟ್ಟು ಕಾದ.